ಬೈಯೋಕಿಂತ ಮುಂಚೆ: ಕೈಕೊಟ್ಟ ಮೆಟಲ್‌ಕೋರ್ ಆಲ್ಬಂ ಕೇಳೋದು ಹೆಂಗ

ಫೇವರಿಟ್ ಬ್ಯಾಂಡು ಎರಡ್ಮೂರು ವರ್ಷ ಕಾಯಿಸಿ ಹೊಸ ಆಲ್ಬಂ ಬಿಡತೈತಿ, ರಾತ್ರಿ ಹನ್ನೆರಡಕ್ಕ ನಿದ್ದಿಗೆಟ್ಟು ಪ್ಲೇ ಒತ್ತತೀರಿ, ಮೂರನೇ ಹಾಡು ಬರೋದ್ರಾಗ ಬೆರಳು ತಾನಾಗೇ ಸ್ಕಿಪ್ ಒತ್ತಾಕ ಹೋಗತೈತಿ, ಬೆಳಿಗ್ಗೆ ಎದ್ದು ಗೆಳೆಯಾರಿಗೆಲ್ಲ "ಮುಗೀತಪ ಇವರ ಕಥಿ" ಅಂತ ಮೆಸೇಜ್ ಹಾಕಿ ಹಲ್ಲುಜ್ಜಾಕ ಹೋಗತೀರಿ. ನಾನೂ ಹಂಗೇ ಇದ್ದೆ. 2013ರ ಫೆಬ್ರವರಿಯಾಗ ಬುಲೆಟ್ ಫಾರ್ ಮೈ ವ್ಯಾಲೆಂಟೈನ್ ಅನ್ನೋ ಬ್ಯಾಂಡಿನ ಟೆಂಪರ್ ಟೆಂಪರ್ ಆಲ್ಬಂ ಬಂದಾಗ ಬಳ್ಳಾರಿಯೊಳಗ ಅದನ್ನ ಕೇಳಿ ಸಿಟ್ಟಿಗೆದ್ದ ನಾಲ್ಕೈದು ಮಂದಿಯೊಳಗ ನಾನೂ ಒಬ್ಬ. ನಮ್ಮೂರಾಗ ಮೆಟಲ್‌ಕೋರ್, ಅಂದ್ರ ಹೆವಿ ಮೆಟಲ್ಲಿಗೆ ಹಾರ್ಡ್‌ಕೋರ್ ಪಂಕ್ ಅನ್ನೋ ಒರಟು ರಾಕ್ ಬೆರೆಸಿದ ಕಿರಚಾಟದ ಸಂಗೀತ, ಕೇಳೋರನ್ನೆಲ್ಲ ಸೇರಿಸಿದ್ರ ಒಂದು ಆಟೋದಾಗ ಕುಂದರತಾರ, ಅದೂ ಡ್ರೈವರ್ ಪಕ್ಕ ಜಾಗ ಉಳಿಯತೈತಿ.

ಅದಾದ ಮ್ಯಾಲೆ ಎಷ್ಟೋ ಆಲ್ಬಂ ಕೈಕೊಟ್ಟಾವ, ಕೈಕೊಟ್ಟಂಗ ಅನಿಸಿದ್ದು ಕೆಲವು ಆಮ್ಯಾಲೆ ಮನಸಿಗೆ ಹಿಡಿಸ್ಯಾವ, ಹಿಂಗಾಗಿ ಈಗ ನಂದೊಂದು ಪದ್ಧತಿ ಆಗೈತಿ, ಅದನ್ನೇ ಬರೀತೀನಿ. ಆಲ್ಬಂ ಚಲೋ ಐತಿ ಅಂತ ನಿಮ್ಮನ್ನ ಒಪ್ಪಿಸೋದು ನನ್ನ ಉದ್ದೇಶ ಅಲ್ಲ. ಕೆಟ್ಟಿದ್ದು ಯಾವ ಜಾಗದಾಗ ಅಂತ ಹುಡುಕೋದು ಅಷ್ಟೇ. ಸೌಂಡಾ, ಡ್ರಮ್ಮಾ, ದನಿಯಾ, ಹಾಡು ಕಟ್ಟಿದ ರೀತಿಯಾ, ಇಲ್ಲಾ ನಿಮ್ಮ ಕಿವಿಯಾ? ಗಾಡಿ ಕೆಟ್ಟಾಗ ಮೆಕ್ಯಾನಿಕ್ ಹತ್ರ ಹೋಗಿ "ಗಾಡಿ ದರಿದ್ರ ಐತಿ" ಅಂದ್ರ ಅವ ಏನ್ ರಿಪೇರಿ ಮಾಡಬೇಕು, ಪ್ಲಗ್ಗೋ ಕ್ಲಚ್ಚೋ ಚೈನೋ ಹೇಳಬೇಕಲ.

ಮೊದಲು ಕೇಳೋ ಸಾಮಾನು ಸರಿ ಮಾಡ್ಕೊಳ್ರಿ. ಫೋನಿನ ಸ್ಪೀಕರ್‌ನ್ಯಾಗ ಮೆಟಲ್‌ಕೋರ್ ಕೇಳಿ ತೀರ್ಪು ಕೊಡೋದಂದ್ರ ಫೋಟೋ ನೋಡಿ ಮಿರ್ಚಿ ಖಾರ ಐತೋ ಇಲ್ಲೋ ಹೇಳಿದಂಗ. ಈ ಬ್ಯಾಂಡುಗಳು ಗಿಟಾರ್ ತಂತಿ ಸಡಲ ಮಾಡಿ ಇಳಿಸಿ ನುಡಿಸತಾರ, ಡ್ರಾಪ್ ಸಿ ಅಂತಾರ ಅದಕ, ಮಾಮೂಲಿ ಗಿಟಾರಿನ ಅತೀ ದಪ್ಪ ತಂತಿ ಸುಮಾರು 82 ಹರ್ಟ್ಜ್‌ನ್ಯಾಗ ನುಡಿದ್ರ ಇದು 65ಕ್ಕ ಇಳಿಯತೈತಿ, ಬೇಸ್ ಗಿಟಾರ್ ಅದರ ಅರ್ಧಕ್ಕ, ಅಂದ್ರ 33ರ ಹತ್ರ. ಫೋನ್ ಸ್ಪೀಕರ್ ಆ ಮಟ್ಟ ಮುಟ್ಟೋದೇ ಇಲ್ಲ. ಹಾಡಿನ ಅರ್ಧ ಮೈ ಕಾಣದಂಗ ಆಗಿ ನಿಮಗ ಉಳಿಯೋದು ಸಿಂಬಲ್ಲಿನ ಚಿಲ್ ಚಿಲ್ ಮತ್ತ ಕೂಗಾಟ.

ನಮ್ಮ ಕಡೆ ಇನ್ನೊಂದು ಶತ್ರು ಐತಿ, ಕೂಲರ್. ಏಪ್ರಿಲ್ ಮೇ ತಿಂಗಳಾಗ ಕೂಲರ್ ಫುಲ್ ಸ್ಪೀಡಿಗೆ ಇಟ್ಟು ಅದರ ಮುಂದ ಮಲಗಿ ಇಯರ್‌ಫೋನ್ ಹಾಕ್ಕೊಂಡ್ರ ಆ ಬುರ್ರ್ ಅನ್ನೋ ಸೌಂಡು ಬೇಸ್ ಗಿಟಾರನ್ನ ಪೂರ್ತಿ ನುಂಗತೈತಿ, ನೀವು ವಾಲ್ಯೂಮ್ ಏರಿಸ್ತೀರಿ, ಕಿವಿ ನೋಯತೈತಿ, ಆಲ್ಬಂ ಮ್ಯಾಲೆ ಸಿಟ್ಟು ಬರತೈತಿ. ಒಂದು ಇಡೀ ಆಲ್ಬಂನ ನಾನು ಹಿಂಗೇ ಕೂಲರ್ ಸಮೇತ ಕೇಳಿ ಮಿಕ್ಸಿಂಗ್ ಸರಿ ಇಲ್ಲ ಅಂತ ಎರಡು ತಿಂಗಳು ಹೇಳ್ಕೊಂಡು ತಿರುಗೀನಿ, ಜೂನ್‌ನ್ಯಾಗ ಒಂದಿನ ಮಳಿ ಬಂದು ಕರೆಂಟ್ ಹೋಗಿ ಮನಿ ಪೂರಾ ಸುಮ್ಮಾದಾಗ ಕೇಳಿದ್ರ ಬೇಸ್ ಚೊಕ್ಕಾಗೇ ಐತಿ. ಅದಕ ಮುಂಜಾನೆ ಐದೂವರಿ ಆರಕ್ಕ ಕೇಳ್ರಿ, ಫ್ಯಾನ್ ಒಂದರಾಗ ಇಡ್ರಿ, ಫೋನಿನ್ಯಾಗ ಬೇಸ್ ಬೂಸ್ಟ್ ಅಂತ ಏನಾದ್ರೂ ಆನ್ ಇದ್ರ ಆಫ್ ಮಾಡ್ರಿ, ಆ್ಯಪ್‌ನ್ಯಾಗ ಡೇಟಾ ಉಳಿಸಾಕ ಕ್ವಾಲಿಟಿ ಕಮ್ಮಿ ಇಟ್ಟಿದ್ರ ಒಂದಿನಕ್ಕಾದ್ರೂ ಏರಿಸ್ರಿ.

ವಾಲ್ಯೂಮ್ ವಿಷಯಾನೂ ಇದ್ರಾಗೇ ಹೇಳಿಬಿಡತೀನಿ. ಎರಡು ಹಾಡಿನ್ಯಾಗ ಜೋರಾಗಿ ಇರೋದೇ ಚಲೋ ಅಂತ ನಮ್ಮ ಕಿವಿ ನಂಬತೈತಿ, ಇದು ಎಲ್ಲರ ಕಿವಿ ಹಣೆಬರಹ. ಅದಕ್ಕ ಸ್ಟುಡಿಯೋದವರು ವರ್ಷದಿಂದ ವರ್ಷಕ್ಕ ಹಾಡನ್ನ ಒತ್ತಿ ಒತ್ತಿ ಜೋರು ಮಾಡಕೊಂತ ಬಂದ್ರು, ಮೆಲ್ಲಕ ಇರಬೇಕಾದ್ದೂ ಜೋರು, ಜೋರು ಇರಬೇಕಾದ್ದೂ ಅಷ್ಟೇ ಜೋರು, ಅಲ್ಲಿಗೆ ಏರಿಳಿತ ಸತ್ತಂಗ. ಮೆಟಾಲಿಕಾದ 2008ರ ಡೆತ್ ಮ್ಯಾಗ್ನೆಟಿಕ್ ಇದಕ್ಕ ದೊಡ್ಡ ಉದಾಹರಣಿ. ಸಿಡಿಯಾಗ ಸೌಂಡು ಒಡದು ಬರತಿತ್ತು, ಅದೇ ಹಾಡುಗಳು ಗಿಟಾರ್ ಹೀರೋ ಅನ್ನೋ ವಿಡಿಯೋ ಗೇಮಿನ್ಯಾಗ ಸ್ವಚ್ಛ ಇದ್ದುವು, ಜನ ಗೇಮಿಂದ ಹಾಡು ತೆಗದು ಕೇಳಿದ್ರು. ಅದು ಮೆಟಲ್‌ಕೋರ್ ಅಲ್ಲ ಬಿಡ್ರಿ, ಆದ್ರ ರೋಗ ಇಲ್ಲೂ ಅದೇ. ಒಂದು ಆಲ್ಬಂ ಕೇಳ್ತಾ ಕೇಳ್ತಾ ಇಪ್ಪತ್ತು ನಿಮಿಷಕ್ಕ ತಲಿ ಭಾರ ಆದ್ರ, ಒಂದೊಂದೇ ಹಾಡು ಬಿಡಿಬಿಡಿಯಾಗಿ ಕೇಳಿದಾಗ ಮಾತ್ರ ಹಿಡಿಸಿದ್ರ, ತಪ್ಪು ಹಾಡಿಂದಲ್ಲ, ಒತ್ತಿದವರದು. ಪುಸ್ತಕದಾಗ ಅದನ್ನ ಬ್ಯಾರೆ ಬರ್ಕೊಳ್ರಿ.

ಪುಸ್ತಕ ಅಂದ್ನಲ, ಹೌದು, ಒಂದು ನೋಟ್‌ಬುಕ್ ಬೇಕು. ನಗಬ್ಯಾಡ್ರಿ. ಮೊದಲ್ನೇ ಸಲ ಕೇಳುವಾಗ ಏನೂ ಬರಿಬ್ಯಾಡ್ರಿ, ಸ್ಕಿಪ್ ಮಾಡಬ್ಯಾಡ್ರಿ, ಸುಮ್ನ ಕೇಳ್ರಿ. ಈ ಜಾತಿ ಆಲ್ಬಂ ಸಾಮಾನ್ಯವಾಗಿ ನಲವತ್ತು ನಿಮಿಷದ ಆಸುಪಾಸು ಇರತಾವ, ಬಳ್ಳಾರಿಯಿಂದ ತೋರಣಗಲ್ಲಿಗೆ ಶಿಫ್ಟ್ ಬಸ್ಸಿನ್ಯಾಗ ಹೋಗೋ ಹೊತ್ತು. ಆದ್ರ ನೈಟ್ ಶಿಫ್ಟ್ ಮುಗಿಸಿ ವಾಪಸ್ ಬರೋ ಬಸ್ಸಿನ್ಯಾಗ ಬ್ಯಾಡ, ಆಗ ಯಾವ ಆಲ್ಬಂ ಹಾಕಿದ್ರೂ ಕೈಕೊಡತೈತಿ. ಎರಡನೇ ಸಲ ಪೆನ್ನು ಹಿಡೀರಿ, ನಿಮ್ಮ ಗಮನ ಎಲ್ಲಿ ತಪ್ಪಿತು, ಎಷ್ಟನೇ ನಿಮಿಷಕ್ಕ ಫೋನ್ ತೆಗದು ಬ್ಯಾರೇನೋ ನೋಡಿದ್ರಿ, ಅಷ್ಟೇ ಬರ್ಕೊಂತ ಹೋಗ್ರಿ. ಕಾರಣ ಬರಿಬ್ಯಾಡ್ರಿ ಇನ್ನೂ, ಟೈಮ್ ಮಾತ್ರ. ಟೆಂಪರ್ ಟೆಂಪರ್‌ಗೆ ನಾನು ವರ್ಷಗಟ್ಟಲೆ ಬಿಟ್ಟು ಹಿಂಗ ಮಾಡಿದಾಗ ಹೆಚ್ಚುಕಮ್ಮಿ ಪ್ರತಿ ಹಾಡಿನ್ಯಾಗ ಎರಡನೇ ವರ್ಸ್ (ಚರಣ) ಶುರು ಆದ ಕೂಡಲೇ ಗಮನ ತಪ್ಪಿತ್ತು. ಸೋಲೋ ಚಲೋ, ಗಿಟಾರ್ ಸೌಂಡು ಚಲೋ, ಎಲ್ಲಾ ಚಲೋ, ಎರಡನೇ ವರ್ಸ್ ಮಾತ್ರ ಮೊದಲ್ನೇದರ ಜೆರಾಕ್ಸ್.

ಇನ್ನೊಂದು ಮಾತು, ಸಿಂಗಲ್ಸ್. ಈಗಿನ ಬ್ಯಾಂಡುಗಳು ಆಲ್ಬಂ ಬರೋಕಿಂತ ಮೊದಲೇ ಮೂರ್ನಾಲ್ಕು ಹಾಡು ಒಂದೊಂದಾಗಿ ಬಿಡತಾವ, ನೀವು ಅವನ್ನ ಐವತ್ತು ಸಲ ಕೇಳಿ ಸವೆಸಿರತೀರಿ, ಆಲ್ಬಂ ಬಂದಾಗ ಅವು ಹಳೇವು ಅನಿಸತಾವ, ಉಳಿದ ಏಳು ಹಾಡು ಅವುಗಳ ಮುಂದ ಅಪರಿಚಿತ ಅನಿಸತಾವ. ಮದುವಿ ಊಟಕ್ಕ ಹೋಗೋ ಮುಂಚೆ ಅಡಿಗಿಮನಿಗೆ ಹೋಗಿ ಹೋಳಿಗಿ ತಿಂದು ಬಂದಂಗ ಇದು, ಆಮ್ಯಾಲೆ ಎಲಿ ಮುಂದ ಕುಂತು ಊಟ ಸಪ್ಪಗ ಐತಿ ಅಂತೀರಿ. ನಾನೀಗ ಒಂದೇ ಸಿಂಗಲ್ ಕೇಳೋದು.

ಈಗ ಡ್ರಮ್ಸು. ನಮ್ಮ ಬಳ್ಳಾರಿ ಓಣಿಗಳಾಗ ಜೀನ್ಸ್ ಹೊಲಿಯೋ ಯೂನಿಟ್ ಪಕ್ಕ ಮನಿ ಇದ್ದವರಿಗೆ ಜ್ಯೂಕಿ ಮಷಿನ್ ಸೌಂಡು ಗೊತ್ತಿರತೈತಿ, ಟಕಟಕಟಕಟಕ ಅಂತ ಒಂದೇ ಸಮ, ಒಂದು ಹೊಲಿಗಿಗೂ ಇನ್ನೊಂದಕ್ಕೂ ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಕೆಲವು ಮೆಟಲ್‌ಕೋರ್ ಆಲ್ಬಂನ್ಯಾಗ ಡಬಲ್ ಬೇಸ್ ಪೆಡಲ್, ಅಂದ್ರ ಎರಡೂ ಕಾಲಿಲೆ ದೊಡ್ಡ ಡ್ರಮ್ ಬಾರಿಸೋದು, ಹಿಂಗೇ ಕೇಳಸತೈತಿ, ಯಾಕಂದ್ರ ಡ್ರಮ್ಮರ್ ನುಡಿಸಿದ್ದನ್ನ ಕಂಪ್ಯೂಟರ್‌ನ್ಯಾಗ ಗೆರಿ ಎಳದು ಪ್ರತಿ ಏಟನ್ನೂ ಗೆರಿ ಮ್ಯಾಲೇ ಕೂಡಿಸತಾರ, ಮ್ಯಾಲೆ ಪ್ರತಿ ಏಟಿನ ಸೌಂಡನ್ನೂ ಮೊದಲೇ ರೆಕಾರ್ಡ್ ಮಾಡಿಟ್ಟ ಒಂದೇ ಸೌಂಡಿಂದ ಬದಲಿ ಮಾಡತಾರ. ಇದು ಮೋಸ ಅಂತ ಅಲ್ಲ, ಎಲ್ಲರೂ ಅಷ್ಟೋ ಇಷ್ಟೋ ಮಾಡತಾರ. ಪತ್ತೆ ಹಚ್ಚೋದು ಸುಲಭ: ವಾಲ್ಯೂಮ್ ಪೂರಾ ಇಳಿಸಿ ಕೇಳ್ರಿ. ಮೆಲ್ಲಕ ಇಟ್ಟಾಗ ಗಿಟಾರ್ ಹಿಂದ ಸರಿಯತೈತಿ, ಸ್ನೇರ್ (ಚಟ್ ಅನ್ನೋ ಸಣ್ಣ ಡ್ರಮ್) ಮತ್ತ ಕಿಕ್ (ಕಾಲಿಲೆ ಬಾರಿಸೋ ದೊಡ್ಡ ಡ್ರಮ್) ಮುಂದ ಬರತಾವ, ಆಗ ಪ್ರತಿ ಸ್ನೇರ್ ಏಟೂ ಹಿಂದಿನದರ ಅವಳಿ ಅನಿಸಿದ್ರ ನಿಮಗ ಬ್ಯಾಸರಾ ಆಗಿದ್ದು ಅಲ್ಲಿಂದ. ಒಂದು ಗಂಟಿ ಜ್ಯೂಕಿ ಮಷಿನ್ ಪಕ್ಕ ಕುಂತ್ರ ಯಾರಿಗಾದ್ರೂ ಜೊಂಪು ಬರತೈತಿ.

ಬ್ರೇಕ್‌ಡೌನ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರ ಮೆಟಲ್‌ಕೋರ್ ಆಲ್ಬಂ ನೆಲ ಕಚ್ಚೋದು ಬಹಳ ಸಲ ಇಲ್ಲೇ. ಹಾರ್ಡ್‌ಕೋರ್ ಪಂಕ್‌ದಿಂದ ಬಂದದ್ದು ಇದು, ಕುಣಿಯೋರಿಗೆ ಜಾಗ ಮಾಡಿಕೊಡಾಕ. ಹಾಡು ಓಡಕೊಂತ ಬಂದು ಒಂದು ಕಡೆ ಅರ್ಧ ವೇಗಕ್ಕ ಬಿದ್ದಂಗ ಅನಿಸತೈತಿ, ನಿಜವಾಗಿ ಲೆಕ್ಕ ಅದೇ ಇರತೈತಿ, ನಾಲ್ಕರ ಎಣಿಕಿಯೊಳಗ ಸ್ನೇರ್ ಎರಡಕ್ಕೂ ನಾಲ್ಕಕ್ಕೂ ಬೀಳೋದು ಬಿಟ್ಟು ಮೂರಕ್ಕ ಒಂದೇ ಸಲ ಬೀಳತೈತಿ, ಗಿಟಾರ್ ಅಂಗೈಲೆ ಒತ್ತಿ ಹಿಡದು ಕಿಕ್ ಜೊತಿಗೆ ಜೊತಿಗೆ ಕಡಿಯತೈತಿ, ಮ್ಯಾಲೆ ಚೈನಾ ಸಿಂಬಲ್ಲಿನ ಖಣ್ ಖಣ್. 2011ರ ಅಕ್ಟೋಬರ್ 30ಕ್ಕ ಬೆಂಗಳೂರಿನ ಅರಮನೆ ಮೈದಾನದಾಗ ಮೆಟಾಲಿಕಾ ಬಂದಾಗ ನಾವು ಮೂರು ಮಂದಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ವಿ, ಅಲ್ಲಿ ಹುಡುಗರು ದುಂಡಗ ಜಾಗ ಬಿಡಿಸಿ ಸುತ್ತಾಕ ಶುರು ಮಾಡಿದ್ದನ್ನ ನೋಡಿ ಮುದಗಲ್ ಕಡೆಯ ನನ್ನ ಗೆಳೆಯ "ಲೇ ಇದು ಅಲಾಯಿ ಕುಣಿತಲೇ, ನಡುವ ಬೆಂಕಿ ಒಂದು ಇಲ್ಲ" ಅಂದ. ಅವತ್ತಿಂದ ನಂಗ ಬ್ರೇಕ್‌ಡೌನ್ ಅಳಿಯಾಕ ಅಲಾಯೇ ಅಳತಿ. ಮೊಹರಂನ್ಯಾಗ ಹಲಗಿ ಒಮ್ಮಿಗೇ ಜೋರು ಬಾರಿಸಂಗಿಲ್ಲ, ಮೊದಲು ಹೆಜ್ಜಿ ಕೂಡಿಸತಾರ, ಸುತ್ತು ತಿರುಗತಾರ, ಜನ ಬೆವರತಾರ, ಒಂದು ಕ್ಷಣ ಹಲಗಿ ತಡದು ನಿಲ್ಲತೈತಿ, ಆ ತಡದ ಕ್ಷಣಕ್ಕ ಇಡೀ ಊರು ಉಸಿರು ಹಿಡಿಯತೈತಿ, ಆಮ್ಯಾಲೆ ಬೀಳೋ ಏಟಿಗೆ ಮುದುಕರ ಕಾಲೂ ಎದ್ದು ಬರತಾವ.

ಚಲೋ ಬ್ರೇಕ್‌ಡೌನ್‌ದ ಗುಟ್ಟು ಆ ತಡದು ನಿಲ್ಲೋದ್ರಾಗ ಐತಿ. ಕೈಕೊಟ್ಟ ಆಲ್ಬಂನ್ಯಾಗ ಪ್ರತಿ ಹಾಡಿಗೂ ಎರಡನೇ ಕೋರಸ್ (ಪಲ್ಲವಿ) ಮುಗದ ಕೂಡಲೇ, ಗಡಿಯಾರ ನೋಡಿ ಇಟ್ಟಂಗ, ಬ್ರೇಕ್‌ಡೌನ್ ಬರತೈತಿ, ತಡಿಯೋದಿಲ್ಲ, ಕಾಯಿಸೋದಿಲ್ಲ, ಮುಂದಿನ ಹಾಡಿನ್ಯಾಗ ಮತ್ತ ಅಲ್ಲೇ. ನೋಟ್‌ಬುಕ್‌ನ್ಯಾಗ ಪ್ರತಿ ಬ್ರೇಕ್‌ಡೌನ್ ಬಂದ ನಿಮಿಷ ಬರೀರಿ, ಹತ್ತರಾಗ ಏಳು ಹಾಡು ಅದೇ ಜಾಗಕ್ಕ ಬಂದ್ರ ಹಾಡು ಕಟ್ಟೋರು ಫಾರ್ಮ್ ತುಂಬ್ಯಾರ ಅಂತ ತಿಳಕೊಳ್ರಿ, ಅದನ್ನ ಬೈಯಾಕ ನಿಮಗ ಪೂರಾ ಹಕ್ಕೈತಿ. 2001ರಾಗ ಬಂದ ಕನ್‌ವರ್ಜ್ ಬ್ಯಾಂಡಿನ ಜೇನ್ ಡೋ ಒಮ್ಮಿ ಕೇಳಿ ನೋಡ್ರಿ, ಯಾವಾಗ ಏನ್ ಬೀಳತೈತಿ ಅಂತ ಹತ್ತನೇ ಸಲಕ್ಕೂ ಪೂರಾ ಗೊತ್ತಾಗಂಗಿಲ್ಲ. ನಮ್ಮವ್ವ ಅದನ್ನ ಕೇಳಿ "ಯಾರಿಗೇನಾತೋ" ಅಂತ ಬಾಗಿಲಿಗೆ ಬಂದಿದ್ದಳು.

ದನಿ ವಿಷಯದಾಗ ಸ್ವಲ್ಪ ಕರುಣೆ ಇಟ್ಕೊಳ್ರಿ. ಕಿರಚೋರ ಗಂಟಲು ಕಬ್ಬಿಣದ್ದಲ್ಲ. ಟ್ರಿವಿಯಂ ಬ್ಯಾಂಡಿನ ಮ್ಯಾಟ್ ಹೀಫಿ 2014ರಾಗ ಸ್ಟೇಜ್ ಮ್ಯಾಲೇ ಗಂಟಲು ಕೆಡಿಸ್ಕೊಂಡು ಹಾಡೋದನ್ನ ಮೊದಲಿಂದ ಕಲಿಬೇಕಾತು, ಮುಂದಿನ ವರ್ಷ ಬಂದ ಸೈಲೆನ್ಸ್ ಇನ್ ದ ಸ್ನೋ ಆಲ್ಬಂನ್ಯಾಗ ಕಿರಚೋದೇ ಇಲ್ಲ, ಬರೇ ಹಾಡು. ನಮಗ ಅದು ಗೊತ್ತಿರಲಿಲ್ಲ, "ರೇಡಿಯೋಕ್ಕ ಮಾರಕೊಂಡ" ಅಂತ ಬೈದ್ವಿ. 2017ಕ್ಕ ದ ಸಿನ್ ಆ್ಯಂಡ್ ದ ಸೆಂಟೆನ್ಸ್ ಬಂತು ನೋಡ್ರಿ, ಹೊಸ ಡ್ರಮ್ಮರ್ ಅಲೆಕ್ಸ್ ಬೆಂಟ್ ಬಂದಿದ್ದ, ಕಿರಚೋದೂ ವಾಪಸ್ ಬಂತು, ಮೊದಲಿನಕಿಂತ ಗಟ್ಟಿಯಾಗಿ. ಅದಕ ಆಲ್ಬಂ ಬೈಯೋ ಮುಂಚೆ ಒಂದೈದು ನಿಮಿಷ ಬ್ಯಾಂಡಿನ್ಯಾಗ ಯಾರು ಬಂದ್ರು ಯಾರು ಹೋದ್ರು ನೋಡ್ರಿ. ಆರ್ಕಿಟೆಕ್ಟ್ಸ್ ಬ್ಯಾಂಡಿನ ಹಾಡು ಬಹುಪಾಲು ಬರೀತಿದ್ದ ಟಾಮ್ ಸರ್ಲ್ 2016ರಾಗ ಕ್ಯಾನ್ಸರ್‌ನಿಂದ ತೀರಿಕೊಂಡ, ಡ್ರಮ್ಮರ್ ಡ್ಯಾನ್ ಅವನ ಅವಳಿ ಸೋದರ, ಆಮ್ಯಾಲೆ ಬಂದ ಆಲ್ಬಂಗಳನ್ನ ಹಳೇ ತಕ್ಕಡಿಯಾಗ ತೂಗಿದ್ರ ತೂಗಿದವರದೇ ತಪ್ಪು. ಕಿಲ್‌ಸ್ವಿಚ್ ಎಂಗೇಜ್ ಬ್ಯಾಂಡಿನ್ಯಾಗ ಹಾಡುಗಾರ ಜೆಸ್ಸಿ ಲೀಚ್ 2002ರಾಗ ಹೋಗಿ ಹೊವರ್ಡ್ ಜೋನ್ಸ್ ಬಂದ, 2012ರಾಗ ಜೋನ್ಸ್ ಹೋಗಿ ಲೀಚ್ ವಾಪಸ್ ಬಂದ, ಇವತ್ತಿಗೂ ಇಬ್ಬರ ಅಭಿಮಾನಿಗಳು ಅಣ್ಣತಮ್ಮರ ಹೊಲದ ಬದುವಿನ ಜಗಳದಂಗ ಆಡತಾರ. ನಾನು ಜೋನ್ಸ್ ಪಾರ್ಟಿ, ಅದನ್ನ ಇಲ್ಲಿ ಬಿಡಿಸಿ ಹೇಳಾಕ ಕುಂತ್ರ ಬೆಳಗಾಗತೈತಿ.

ಬದಲಾಗೋದು ಬ್ಯಾರೆ, ಕೆಡೋದು ಬ್ಯಾರೆ, ಇದನ್ನ ನಾನು ಪಾರ್ಕ್‌ವೇ ಡ್ರೈವ್ ಬ್ಯಾಂಡ್ ಕೇಳಿ ಕಲಿತೆ. 2007ರ ಹೊರೈಜನ್ಸ್ ಕೇಳಿ ಬೆಳದವನಿಗೆ 2015ರ ಐರ್ ಬಂದಾಗ ಇದ್ಯಾವುದೋ ಬ್ಯಾರೆ ಬ್ಯಾಂಡ್ ಅನಿಸ್ತು, ವೇಗ ಕಮ್ಮಿ, ಎಲ್ಲರೂ ಕೈ ಎತ್ತಿ ಕೂಡಿ ಹಾಡೋ ಅಂಥ ಹಾಡುಗಳು. ಆದ್ರ ನೋಟ್‌ಬುಕ್ ನೋಡಿದ್ರ ಗಮನ ಎಲ್ಲೂ ತಪ್ಪಿರಲಿಲ್ಲ, ಸಿಟ್ಟು ಮಾತ್ರ ಇತ್ತು. ಟೆಂಪರ್ ಟೆಂಪರ್‌ದು ಇದರ ಉಲ್ಟಾ ಕೇಸು: ಬದಲಾವಣಿ ಏನೂ ಭಾರಿ ಇಲ್ಲ, ಹಳೇದನ್ನೇ ತಿರುಗಿ ಕೊಡಾಕ ನೋಡ್ಯಾರ. ಬುಲೆಟ್‌ದವರ 2005ರ ದ ಪಾಯ್ಸನ್ ಆಲ್ಬಂನ್ಯಾಗ ಟಿಯರ್ಸ್ ಡೋಂಟ್ ಫಾಲ್ ಅಂತ ಒಂದು ಹಾಡೈತಿ, ಬ್ಯಾಂಡಿಗೆ ಹೆಸರು ತಂದ ಹಾಡು, ಎಂಟು ವರ್ಷ ಬಿಟ್ಟು ಇಲ್ಲಿ ಅದರ ಪಾರ್ಟ್ ಟೂ ಇಟ್ಟಾರ. ಹಿಟ್ಟಾದ ಹಾಡಿನ ಹೆಸರಿಟ್ಟು ಎರಡನೇ ಭಾಗ ಮಾಡಿದ್ರ ಕೇಳೋನು ಮೊದಲ್ನೇದನ್ನ ಪಕ್ಕದಾಗೇ ಕುಂದರಿಸಿ ಕೇಳತಾನ, ಯಾವ ಹಾಡು ಉಳಿಯತೈತಿ ಹೇಳ್ರಿ ಆ ಪರೀಕ್ಷೆಯೊಳಗ? ಇಡೀ ಆಲ್ಬಂದ ಸಮಸ್ಯೆ ನನ್ನ ಪ್ರಕಾರ ಅದೇ ಹಾಡಿನ್ಯಾಗ ಐತಿ. ಮೊದಲು ಕೋರಸ್ ಮಾಡ್ಯಾರ, ಆಮ್ಯಾಲೆ ಅದಕ್ಕ ಹೊಂದೋ ರಿಫ್, ಅಂದ್ರ ತಿರುಗಿ ತಿರುಗಿ ಬರೋ ಗಿಟಾರ್ ತುಣುಕು, ಹುಡುಕ್ಯಾರ ಅನ್ನೋ ಹಂಗ ಕೇಳಸತೈತಿ, ರಿಫ್ಫು ಬಾಡಿಗಿಗೆ ಬಂದು ಕುಂತಂಗ.

ಹಳೇ ಆಲ್ಬಂ ಪಕ್ಕ ಇಟ್ಟು ಕೇಳೋದನ್ನ ಕೊನಿಗೇ ಇಟ್ಕೊಳ್ರಿ, ಅದೂ ಒಬ್ಬರೇ ಮಾಡಬ್ಯಾಡ್ರಿ. ಯಾಕಂದ್ರ ದ ಪಾಯ್ಸನ್ ನಾನು ಕೇಳಿದ್ದು ಹಾಸ್ಟೆಲ್‌ನ್ಯಾಗ, ಒಂದು ಜಿಬಿ ಮೆಮೊರಿ ಕಾರ್ಡಿನ್ಯಾಗ, ಗೆಳೆಯ ಬ್ಲೂಟೂತ್‌ನ್ಯಾಗ ಒಂದೊಂದೇ ಹಾಡು ಕಳಿಸಿದ್ದು, ಜೊತಿಗೆ ಕ್ಯಾಂಟೀನಿನ ವಗ್ಗಾಣಿ ಮಿರ್ಚಿ, ಹತ್ತೊಂಬತ್ತು ವಯಸ್ಸು. ಆ ವಯಸ್ಸಿನ್ಯಾಗ ಬಸ್ಸಿನ ಹಾರ್ನ್ ಕೇಳಿದ್ರೂ ರೋಮಾಂಚನ ಆಗತಿತ್ತು. ಹೊಸ ಆಲ್ಬಂ ಆ ವಗ್ಗಾಣಿ ಜೊತಿಗೆ ಹೆಂಗ ಸ್ಪರ್ಧೆ ಮಾಡಬೇಕು. ಅದಕ ಎರಡೂ ಕೇಳದೇ ಇರೋ ಒಬ್ಬರನ್ನ ಹಿಡೀರಿ. ನಾನು ಅಕ್ಕನ ಮಗನ್ನ ಹಿಡಿದೆ, ಸೆಕೆಂಡ್ ಪಿಯು ಓದತಾನ, ಮೆಟಲ್ ಅಂದ್ರ ಕಬ್ಬಿಣ ಅಂತ ಮಾತ್ರ ಗೊತ್ತು. ಯಾವುದು ಹಳೇದು ಯಾವುದು ಹೊಸದು ಹೇಳಲಿಲ್ಲ, ಎರಡರಿಂದ ಮೂರು ಮೂರು ಹಾಡು ಕಲಸಿ ಹಾಕಿದೆ, ವಾಲ್ಯೂಮ್ ಎರಡಕ್ಕೂ ಒಂದೇ.

"ಮಾವ, ಇವೆಲ್ಲ ಒಂದೇ ಅದಾವಲ."

"ಸರಿಯಾಗಿ ಕೇಳಲೇ, ಇನ್ನೊಮ್ಮಿ."

ಎರಡನೇ ಸಲ ಕೇಳಿ ತಲಿ ಆಡಿಸಿದ. "ಆ ಎರಡನೇದು ಐತಲ ಮಾವ, ಅದ್ರಾಗ ಅವ್ನಿಗೆ ಖರೇನೇ ಸಿಟ್ಟು ಬಂದೈತಿ. ಕೊನೀದ್ರಾಗ ಸಿಟ್ಟು ಬಂದಂಗ ಮಾಡ್ಯಾನ."

ಎರಡನೇದು ಪಾಯ್ಸನ್‌ದು, ಕೊನೀದು ಟೆಂಪರ್‌ದು. ನಾನು ನೋಟ್‌ಬುಕ್‌ನ್ಯಾಗ ಎರಡು ಪುಟ ಬರದದ್ದನ್ನ ಅವ ಒಂದೇ ಮಾತಿನ್ಯಾಗ ಮುಗಿಸಿದ. ಆದ್ರ ಹೊಸದರಾಗಿನ ಇನ್ನೊಂದು ಹಾಡು ಅವನಿಗೆ ಎಲ್ಲಕ್ಕಿಂತ ಹಿಡಿಸ್ತು, ನಾನು ಆ ಹಾಡನ್ನ ಇಷ್ಟು ವರ್ಷ ಪೂರ್ತಿ ಕೇಳೇ ಇರಲಿಲ್ಲ. ಕೇಳಿದೆ. ಪರವಾಗಿಲ್ಲ.

ಇಷ್ಟೆಲ್ಲ ಆದ ಮ್ಯಾಲೂ ಆಲ್ಬಂ ಕೆಟ್ಟೈತಿ ಅಂತಾದ್ರ ಬೈರಿ, ಚಂದಾಗಿ ಬೈರಿ, ಆದ್ರ ಯಾವ ಹಾಡು, ಎಷ್ಟನೇ ನಿಮಿಷ, ಏನ್ ಕಮ್ಮಿ ಅಂತ ಹೇಳಿ ಬೈರಿ. "ಮಾರಕೊಂಡರು" ಅನ್ನೋ ಮಾತು ಮಾತ್ರ ಬಿಟ್ಟುಬಿಡ್ರಿ, ಅದು ಏನೂ ಹೇಳಂಗಿಲ್ಲ, ಮತ್ತ ದುಡ್ಡು ಯಾರಿಗೆ ಬ್ಯಾಡ. ಚಲೋ ಅನಿಸಿದ ಒಂದೆರಡು ಹಾಡು ಬ್ಯಾರೆ ಪ್ಲೇಲಿಸ್ಟಿಗೆ ಎತ್ತಿಟ್ಟು ಉಳಿದದ್ದನ್ನ ಆರು ತಿಂಗಳು ಮುಟ್ಟಬ್ಯಾಡ್ರಿ. ಬ್ಯಾಸಿಗ್ಯಾಗ ಕೈಕೊಟ್ಟ ಆಲ್ಬಂನ ನಾನು ಡಿಸೆಂಬರ್‌ನ್ಯಾಗ ತಿರುಗಿ ಕೇಳತೀನಿ, ಬಳ್ಳಾರಿ ಗುಡ್ಡದ ಮ್ಯಾಲಿಂದ ಮುಂಜಾನೆ ತಂಪು ಗಾಳಿ ಬರೋ ಹೊತ್ತಿಗೆ, ಆ ಹದಿನೈದು ದಿನ ನಮ್ಮೂರಾಗ ಮನುಷ್ಯ ಎಲ್ಲರನ್ನೂ ಸ್ವಲ್ಪ ಕ್ಷಮಿಸತಾನ. ಐರ್ ಹಂಗೇ ಹಿಡಿಸಿದ್ದು. ಟೆಂಪರ್ ಟೆಂಪರ್‌ಗೆ ಮೂರು ಡಿಸೆಂಬರ್ ಕೊಟ್ಟೀನಿ, ಆ ಒಂದು ಹಾಡು ಬಿಟ್ರ ಏನೂ ಬದಲಾಗಿಲ್ಲ.

ಮತ್ತ ಟೀ ಶರ್ಟು. ಆಲ್ಬಂ ಬರೋ ಮುಂಚೆ ಟೀ ಶರ್ಟ್ ಆರ್ಡರ್ ಮಾಡಬ್ಯಾಡ್ರಿ. ಯಾವ ಆಲ್ಬಂದು ಅಂತ ಹೇಳಂಗಿಲ್ಲ, ನಂದೊಂದು ಇತ್ತು, ಕರೀದು, ಹೊರದೇಶದಿಂದ ತರಿಸಿದ್ದು, ಹಾಡಿಗಿಂತ ಕೊರಿಯರ್ ಖರ್ಚು ಜಾಸ್ತಿ ನೆನಪೈತಿ. ನಮ್ಮವ್ವ ಈಗ ಅದ್ರಾಗ ಕೂಲರ್ ಒರಸತಾಳ.